ದೋಣಿಯ ಅಡಿಯಲ್ಲಿ ಹಾಜರಿ

ನಾನು ಕುಡಿಯುವವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಕೇಳಿದವರೆಲ್ಲ ಮೊದಲು ಕೇಳುವ ಪ್ರಶ್ನೆಯೇ ಅದು. ಅವತ್ತು ಸಂಜೆ ನನ್ನ ಹೊಟ್ಟೆಯಲ್ಲಿ ಇದ್ದದ್ದು ಒಂದು ಬನ್ಸು, ಒಂದು ಲೋಟ ಬೆಲ್ಲದ ಕಾಫಿ, ಅಷ್ಟೇ.

ಕಥೆ ಕಟ್ಟುವ ಅಭ್ಯಾಸವೂ ನನಗಿಲ್ಲ. ನಾನು ಬಿ.ಕಾಂ ಓದಿದವನು. ಕೂಡಿಸಿದ್ದು ಹೊಂದದಿದ್ದರೆ ಮೇಲಿನಿಂದ ಮತ್ತೆ ಕೂಡಿಸುವುದು ಕಲಿತವನು. ಆ ರಾತ್ರಿಯನ್ನು ಮಾತ್ರ ಯಾವ ಕಡೆಯಿಂದ ಕೂಡಿಸಿದರೂ ಹೊಂದುತ್ತಿಲ್ಲ... ಅದಕ್ಕೇ ಇದ್ದದ್ದು ಇದ್ದಹಾಗೆ ಬರೆಯುತ್ತಿದ್ದೇನೆ.

ಕೊಟ್ಟಿಗೆಹಾರದಿಂದ ಒಳಗೆ, ಜೀಪು ಮಾತ್ರ ಹತ್ತುವ ರಸ್ತೆಯಲ್ಲಿ ಹೋದರೆ ಸಿಗುವ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಯಾರು ಯಾವ ಕಡೆ ಕೆಲಸಕ್ಕೆ ಹೋಗಬೇಕೆಂದು ಹೇಳುವುದು ನನ್ನ ಕೆಲಸ. ನನ್ನ ಅಜ್ಜ, ಅಪ್ಪ, ಅಮ್ಮ ಎಲ್ಲರೂ ಇದೇ ಎಸ್ಟೇಟಿನಲ್ಲಿ ಕಾಫಿ ಕುಯ್ದವರು. ನಾನು ಹುಟ್ಟಿದ್ದು ಕೂಲಿಯವರ ಲೈನ್ ಮನೆಯಲ್ಲಿ. ನಮ್ಮ ಮನೆಯಲ್ಲಿ ಹೈಸ್ಕೂಲು ದಾಟಿದವನೂ ನಾನೊಬ್ಬನೇ, ಡಿಗ್ರಿ ಮುಗಿಸಿದವನೂ ನಾನೊಬ್ಬನೇ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಮ್ಮಲ್ಲಿ ಹಾಜರಿಗೆ ಒಂದು ಕ್ರಮವಿದೆ. ಹಾಜರಿ ಅಂಗಳದ ಹಲಸಿನ ಮರಕ್ಕೆ ಹಳೆಯ ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿದೆ. ಬೆಳಕು ಹರಿಯುತ್ತಲೇ ಮೇಸ್ತ್ರಿ ಅದನ್ನು ಬಡಿಯುತ್ತಾನೆ. ಟಣ್... ಟಣ್... ಆಮೇಲೆ ಬೇಗಬೇಗ ಟಣಟಣಟಣ... ಮತ್ತೆ ನಿಧಾನ. ಜನ ಬಂದು ಸಾಲಾಗಿ ನಿಲ್ಲುತ್ತಾರೆ. ಕೊನೆಗೆ ರೈಟರ್ ಒಂದೇ ಒಂದು ಪೆಟ್ಟು ಹೊಡೆಯಬೇಕು. ಆ ಪೆಟ್ಟು ಬಿದ್ದಮೇಲೆ ಹಾಜರಿ ಶುರು. ಹೆಸರು ಕೂಗಿ, "ಬಂದೆ" ಎನ್ನುವ ತನಕ ಯಾರೂ ಅಂಗಳ ಬಿಟ್ಟು ಕದಲುವಂತಿಲ್ಲ. ಅಜ್ಜನ ಕಾಲದಿಂದಲೂ ಹಾಗೇ.

ಅಪ್ಪ ಇರುವಾಗ ಒಂದೇ ಮಾತು ಹೇಳುತ್ತಿದ್ದರು. "ನಿನ್ನ ಹೆಸರನ್ನ ಯಾರೂ ಆ ಅಂಗಳದಲ್ಲಿ ನಿಂತು ಕೂಗಬಾರ್ದು ಮಗ. ನಮ್ಮ ಬಾಯಿಗೆ 'ಬಂದೆ, ಬಂದೆ' ಅಂದು ಸಾಕಾಯ್ತು."

ಅದೊಂದು ಮಾತನ್ನು ನಾನು ಉಳಿಸಿಕೊಂಡಿದ್ದೆ. ರೈಟರನ ಹೆಸರನ್ನು ಯಾರೂ ಕೂಗುವುದಿಲ್ಲ. ಕೂಗುವವನು ಅವನು.

ಇನ್ನು ಕೆರೆಯ ವಿಷಯ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಗಿಡಗಳಿಗೆ ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸಲು ನಮ್ಮ ಸಾಹುಕಾರರ ತಂದೆ ಕಣಿವೆಗೆ ಅಡ್ಡ ಏರಿ ಹಾಕಿಸಿ ದೊಡ್ಡ ಕೆರೆ ಮಾಡಿಸಿದರು. ಅದಕ್ಕೂ ಮುಂಚೆ ಆ ಕಣಿವೆಯಲ್ಲಿ ಇದ್ದದ್ದು ಹಳೆಯ ಲೈನ್ ಮನೆಗಳು, ಹಳೆಯ ಹಾಜರಿ ಅಂಗಳ. ಎಲ್ಲರನ್ನೂ ಮೇಲಿನ ಗುಡ್ಡಕ್ಕೆ ಹೊಸ ಲೈನಿಗೆ ಕಳಿಸಿ, ಗೋಡೆ ಕೆಡವಿ, ಆಮೇಲೆ ನೀರು ತುಂಬಿಸಿದ್ದು. ಅಲ್ಲಿ ಯಾರೂ ಮುಳುಗಿ ಸತ್ತಿಲ್ಲ. ಯಾರೂ ನೇಣು ಹಾಕಿಕೊಂಡಿಲ್ಲ. ನಾನು ಕೇಳಿ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಎದ್ದು ಬೇರೆ ಮನೆಗೆ ಹೋದರು, ಅಷ್ಟೇ.

ಈಗ ಎಸ್ಟೇಟಿನ ಬಂಗಲೆ ಹೋಂಸ್ಟೇ ಆಗಿದೆ. ಬರುವ ಗೆಸ್ಟುಗಳಿಗೆ ಕೆರೆಯಲ್ಲಿ ಮೀನು ಹಿಡಿಯುವ ಆಸೆ. ಸಾಹುಕಾರರು ಮಂಗಳೂರಿನಿಂದ ಒಂದು ಪುಟ್ಟ ಅಲ್ಯೂಮಿನಿಯಂ ದೋಣಿ ತರಿಸಿದರು. ಬರಿಯ ತಗಡಿನ ತೊಟ್ಟಿ ಅದು. ಕೂರಲು ಎರಡು ಅಡ್ಡಪಟ್ಟಿ ಬಿಟ್ಟರೆ ಏನೂ ಇಲ್ಲ.

"ಏನ್ರೀ ರೈಟ್ರೇ, ಓದಿದವರು ನೀವು. ಮೊಬೈಲಲ್ಲಿ ನೋಡ್ಕೊಂಡು ಇದನ್ನ ಒಂದು ಮೀನಿನ ದೋಣಿ ಅನ್ನೋ ಹಾಗೆ ಮಾಡಿ. ನಾಳೆ ಬೆಳಿಗ್ಗೆ ಗೆಸ್ಟ್ ಹತ್ತಿ ಕೂರ್ಬೇಕು" ಎಂದರು ಸಾಹುಕಾರರು.

ಜೊತೆಗೆ ಸಿಕ್ಕಿದವನು ಜೀಪ್ ಡ್ರೈವರ್ ಉಮೇಶ. ನನ್ನ ವಾರಿಗೆಯವನು. ಸ್ಪ್ಯಾನರ್ ಹಿಡಿದರೆ ಕೈ ನಿಲ್ಲುವುದಿಲ್ಲ, ಬಾಯಿ ಮೊದಲೇ ನಿಲ್ಲುವುದಿಲ್ಲ.

ಇಬ್ಬರೂ ಕಾಫಿ ಒಣಗಿಸುವ ಕಣದಲ್ಲಿ ದೋಣಿಯನ್ನು ಗೋಣಿಚೀಲಗಳ ಮೇಲೆ ಕೂರಿಸಿದೆವು. ಮೊದಲು ಒಳಗೆ ಪೈಪಿನಿಂದ ನೀರು ಬಿಟ್ಟು, ಹೊರಗೆ ಯಾವ ರಿವೆಟ್ಟಿನಲ್ಲಿ ಜಿನುಗುತ್ತದೆ ಎಂದು ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಂಟು ಬಳಿದೆವು. ತಳಕ್ಕೆ ಪ್ಲೈವುಡ್ ಕತ್ತರಿಸಿ ಹಾಸಿ, ಅದರ ಮೇಲೆ ರಬ್ಬರ್ ಮ್ಯಾಟ್ ಅಂಟಿಸಿದೆವು.

"ಮ್ಯಾಟ್ ಎಂತಕ್ಕೆ ಮಾರಾಯ? ಮೀನಿಗೆ ಕಾಲು ಒರೆಸ್ಕೊಳ್ಳೋಕಾ?" ಎಂದ ಉಮೇಶ.

"ತಗಡು ಕಣೋ. ಒಳಗೆ ಒಂದು ಚಮಚ ಬಿದ್ರೂ ನೀರಿನೊಳಗೆ ಗಂಟೆ ಹೊಡೆದ ಹಾಗೆ ಕೇಳ್ತದೆ. ಮೀನು ಓಡ್ತವೆ."

"ಹಂಗಾದ್ರೆ ನೀರೊಳಗಿನ ಮೀನು ಕೆಳಗಿಂದ ಬಡಿದ್ರೆ ನಮಗೂ ಕೇಳ್ತದಾ?"

ಆಗ ಇಬ್ಬರೂ ನಕ್ಕೆವು.

ಗಾಳದ ಕೋಲು ನಿಲ್ಲಿಸಲು ಪೈಪಿನ ತುಂಡುಗಳನ್ನು ಅಂಚಿಗೆ ಬೋಲ್ಟು ಮಾಡಿದೆವು. ಹಿಂದೆ ಸಣ್ಣ ಬ್ಯಾಟರಿ ಮೋಟಾರು. ಲಂಗರಿಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಪಲ್ಪರ್ ಯಂತ್ರದ ಕಬ್ಬಿಣದ ಚಕ್ರವೊಂದನ್ನು ನೈಲಾನ್ ಹಗ್ಗಕ್ಕೆ ಕಟ್ಟಿದೆವು. ಇಷ್ಟಾಗುವಾಗ ಹೊತ್ತು ಮುಳುಗಿತ್ತು. ಆದರೂ ಒಮ್ಮೆ ನೀರಿಗಿಳಿಸಿ ನೋಡದೆ ಗೆಸ್ಟನ್ನು ಕೂರಿಸುವುದು ಹೇಗೆ? ತಳದ ತೂತಿನ ಬಿರಡೆ ಸರಿಯಾಗಿದೆಯೋ, ಮೋಟಾರು ಎಳೆಯುತ್ತದೋ, ಲಂಗರಿನ ಹಗ್ಗ ಸಾಲುತ್ತದೋ...

ಟ್ರ್ಯಾಕ್ಟರಿನಲ್ಲಿ ಕೆರೆಯ ಏರಿಗೆ ಒಯ್ದು ಇಳಿಸಿದೆವು. ಉಮೇಶ ಮುಂದೆ ಕೂತ. ನಾನು ಹಿಂದೆ, ಮೋಟಾರಿನ ಹತ್ತಿರ.

ದೋಣಿ ಚೆನ್ನಾಗಿ ಹೋಯಿತು. ನನಗೆ ಹೆಮ್ಮೆಯೇ ಆಯಿತು. ಕೆರೆಯ ನಡುವೆ ಬಂದು ಲಂಗರು ಬಿಟ್ಟೆವು. ಹಗ್ಗ ಇಳಿಯಿತು, ಇಳಿಯಿತು... ಉಮೇಶನ ಕೈಯಲ್ಲಿ ಸ್ವಲ್ಪವೇ ಉಳಿಯಿತು.

"ಭಾರೀ ಆಳ ಉಂಟು ಮಾರಾಯ."

ಅಷ್ಟರಲ್ಲಿ ಮಂಜು ಬಂತು. ಆ ಹೊತ್ತಿನಲ್ಲಿ ಕೆರೆಯ ಮೇಲೆ ಮಂಜು ಬರುವುದು ಹೊಸತಲ್ಲ. ಆದರೆ ಅವತ್ತು ಅದು ದಡದ ಕಡೆಯಿಂದ ಬರಲಿಲ್ಲ. ನಮ್ಮ ಸುತ್ತಲಿನ ನೀರಿನಿಂದಲೇ ಎದ್ದಿತು. ಬಂಗಲೆಯ ದೀಪ ಮಸುಕಾಯಿತು, ಆಮೇಲೆ ಇಲ್ಲವಾಯಿತು.

ಒಂದು ಪೈಪಿನ ನಟ್ಟು ಸಡಿಲವಿತ್ತು. ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಬಿಗಿಮಾಡುತ್ತಿದ್ದೆ.

ಟಣ್...

ಉಮೇಶ ಏನೋ ಬೀಳಿಸಿದ ಅಂದುಕೊಂಡೆ.

ಟಣ್... ಟಣ್...

ದೂರದಿಂದಲ್ಲ. ನನ್ನ ಪಾದದ ಅಡಿಯಿಂದ. ಪ್ಲೈವುಡ್, ರಬ್ಬರು ಎಲ್ಲವನ್ನೂ ದಾಟಿ ಅಂಗಾಲಿಗೆ ತಾಗುತ್ತಿತ್ತು. ಆಮೇಲೆ ಬೇಗಬೇಗ... ಟಣಟಣಟಣ... ಮತ್ತೆ ನಿಧಾನ.

ಹಾಜರಿ ಗಂಟೆ.

"ಮೇಸ್ತ್ರಿ ಈಗ ಎಂತಕ್ಕೆ ಬಡೀತಾನೆ?" ಎಂದು ಕೇಳಿದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

"ಮೇಸ್ತ್ರಿ ಕಳಸಕ್ಕೆ ಹೋಗಿದಾನಲ್ಲ. ನಾನೇ ಬಸ್ಸು ಹತ್ತಿಸಿ ಬಂದಿದ್ದು..." ಎಂದ ಉಮೇಶ.

ಬಡಿತ ನಿಂತಿತು.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಬೇಕೆಂದು ಮಾಡಿದ್ದಲ್ಲ. ಪ್ರತಿದಿನ ಬೆಳಿಗ್ಗೆ ಮೇಸ್ತ್ರಿಯ ಬಡಿತ ನಿಂತ ಕೂಡಲೇ ನನ್ನ ಕೈ ತಾನಾಗಿ ಏಳುತ್ತದೆ. ಅವತ್ತೂ ಎದ್ದಿತು. ಕೈಯಲ್ಲಿದ್ದ ಸ್ಪ್ಯಾನರಿನಿಂದ ದೋಣಿಯ ಅಂಚಿಗೆ ಒಂದೇ ಒಂದು ಪೆಟ್ಟು ಹೊಡೆದೆ.

ಟಣ್.

"ಎಂತ ಮಾಡಿದೆ ಮಾರಾಯ..." ಎಂದು ಉಮೇಶ ಪಿಸುಗುಟ್ಟಿದ.

ನೀರು ಸ್ತಬ್ಧವಾಯಿತು. ಸ್ತಬ್ಧ ಅಂದರೆ, ದೋಣಿಯ ಪಕ್ಕಕ್ಕೆ ತಾಗುತ್ತಿದ್ದ ಚಳಕ್ ಚಳಕ್ ಕೂಡ ಇಲ್ಲ. ದಡದಲ್ಲಿ ಕೂಗುತ್ತಿದ್ದ ಕಪ್ಪೆಗಳು ಬಾಯಿ ಮುಚ್ಚಿದವು.

ಆಮೇಲೆ ವಾಸನೆ ಬಂತು. ನಾನು ಆ ವಾಸನೆಯಲ್ಲಿ ಬೆಳೆದವನು, ತಪ್ಪು ಮಾಡಲು ಸಾಧ್ಯವೇ ಇಲ್ಲ. ಸೀಮೆಎಣ್ಣೆ ಬುಡ್ಡಿಯ ಹೊಗೆ... ಕೆಂಡದಲ್ಲಿ ಸುಟ್ಟ ಒಣಮೀನು... ಒದ್ದೆ ಕಂಬಳಿ. ಸಂಜೆಯ ಲೈನ್ ಮನೆಯ ವಾಸನೆ. ಕೆರೆಯ ನಟ್ಟನಡುವೆ.

"ಹೋಗೋಣ" ಎಂದೆ.

ಉಮೇಶ ಹಗ್ಗ ಎಳೆದ. ಬರಲಿಲ್ಲ. ಇಬ್ಬರೂ ಸೇರಿ ಎಳೆದೆವು. ಹಗ್ಗ ತಂತಿಯ ಹಾಗೆ ಬಿಗಿದು ನಿಂತಿತ್ತು. ಕೆಳಗಿನಿಂದ ಯಾರೂ ಜಗ್ಗುತ್ತಿರಲಿಲ್ಲ. ಸುಮ್ಮನೆ ಹಿಡಿದುಕೊಂಡಿದ್ದರು.

"ಕೊಯ್ದು ಬಿಡು."

ಉಮೇಶ ಚಾಕು ತೆಗೆದು ಹಗ್ಗ ಕೊಯ್ದ. ಕೊಯ್ದ ತುದಿ ನೀರಿನೊಳಗೆ ಸರ್ರನೆ ಇಳಿದುಹೋಯಿತು. ನಾನು ಮೋಟಾರು ಹಾಕಿದೆ. ಹಿಂದೆ ನೀರು ನೊರೆನೊರೆಯಾಗಿ ಕಲಕಿತು...

ದೋಣಿ ಕದಲಲಿಲ್ಲ.

ಹಗ್ಗವಿಲ್ಲ, ಲಂಗರಿಲ್ಲ. ಮೋಟಾರು ಓಡುತ್ತಿದೆ. ದೋಣಿ ಕಲ್ಲಿಗೆ ಕಟ್ಟಿದ ಹಾಗೆ ನಿಂತಿದೆ. ದೋಣಿಯ ಜೊತೆಗೇ ಬಂದಿದ್ದ ಹುಟ್ಟು ತೆಗೆದುಕೊಂಡು ನೀರಿಗೆ ಹಾಕಿದೆ. ಅದು ಮೊಣಕೈ ಆಳದಲ್ಲೇ ನೆಲಕ್ಕೆ ತಾಗಿತು. ಗಟ್ಟಿ ನೆಲ. ಕೆಸರಲ್ಲ. ಜನ ನಿಂತು ನಿಂತು ಗಟ್ಟಿಯಾದ ಅಂಗಳದ ನೆಲ.

ಈಗ ತಾನೇ ಅಷ್ಟು ಹಗ್ಗ ಇಳಿದ ಜಾಗದಲ್ಲಿ.

"ಇಳಿದು ನಡ್ಕೊಂಡು ಹೋಗಬೌದಲ್ಲ" ಎಂದು ಉಮೇಶ ಒಂದು ಕಾಲು ಎತ್ತಿದ. ಅವನ ದನಿಯಲ್ಲಿ ಭಯವಿರಲಿಲ್ಲ. ಅದೇ ನನಗೆ ಭಯ ತಂದದ್ದು. ಅಂಗಿಯ ಕಾಲರ್ ಹಿಡಿದು ಕೂರಿಸಿದೆ.

"ಕೂತ್ಕೋ. ಹಾಜರಿ ಮುಗಿಯದೆ ಯಾರೂ ಅಂಗಳ ಬಿಡೋ ಹಾಗಿಲ್ಲ."

ನನ್ನ ಬಾಯಿಂದಲೇ ಬಂದ ಮಾತು. ಹೇಳಿದ ಮೇಲೆ ನನಗೆ ಅರ್ಥವಾಯಿತು. ಪೆಟ್ಟು ಹೊಡೆದವನು ನಾನು. ಸಾಲು ನಿಂತಿದೆ. ನಮ್ಮನ್ನೂ ಸೇರಿಸಿ.

"ಹಂಗಾದ್ರೆ ಹೆಸರು ಕೂಗಿ ಮುಗಿಸು ರೈಟ್ರೇ" ಎಂದ ಉಮೇಶ. ಹಲ್ಲು ಕಟಕಟ ಎನ್ನುತ್ತಿತ್ತು. "ದಮ್ಮಯ್ಯ ಅಂತೀನಿ, ಕೂಗು. ನನ್ನ ಮಗಳಿಗೆ ಇನ್ನೂ ಮಾತು ಬಂದಿಲ್ಲ ಮಾರಾಯ. ನಾನು ಮನೆಗೆ ಹೋಗ್ಬೇಕು."

"ಯಾರ ಹೆಸರು ಅಂತ ಕೂಗಲಿ? ಇವರ್ಯಾರೂ ನನಗೆ ಗೊತ್ತಿಲ್ಲ."

ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಏರಿಯ ಕಡೆಗೆ ತಿರುಗಿ ಕೂಗಿಕೊಂಡೆವು. ಮಂಜು ನಮ್ಮ ಕೂಗನ್ನು ಹತ್ತಿಯ ಹಾಗೆ ಹೀರಿಕೊಂಡಿತು. ಟಾರ್ಚು ಹಾಕಿದರೆ ಬೆಳಕು ಒಂದು ಮಾರು ದೂರದಲ್ಲಿ ಬಿಳಿ ಗೋಡೆಗೆ ತಾಗಿ ನಿಲ್ಲುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ಗೊತ್ತಿಲ್ಲ. ಕಾಲಿಗೆ ತಣ್ಣಗೆ ತಾಗಿತು. ನೋಡಿದರೆ ದೋಣಿಯೊಳಗೆ ನೀರು. ಬಿರಡೆ ಮುಟ್ಟಿ ನೋಡಿದೆ, ಬಿಗಿಯಾಗಿತ್ತು. ರಿವೆಟ್ಟುಗಳೆಲ್ಲ ನಾವೇ ನೋಡಿದವು. ಆದರೂ ನೀರು ಬರುತ್ತಿತ್ತು. ಸದ್ದಿಲ್ಲದೆ, ಅವಸರವಿಲ್ಲದೆ.

ಆಗ ಉಮೇಶ ನನಗೆ ಬೆನ್ನು ತಿರುಗಿಸಿ ನೆಟ್ಟಗೆ ಕೂತ.

"ಚೌಡ" ಎಂದ.

ದೋಣಿಯ ಅಡಿಯಲ್ಲಿ ಒಂದು ತಟ್ಟು ಕೇಳಿತು. ಟಕ್.

"ಬೈರಿ."

ಟಕ್. ಇನ್ನೊಂದು ಜಾಗದಲ್ಲಿ.

"ಗಿಡ್ಡ. ಗಿಡ್ಡನ ಹೆಂಡ್ತಿ ಸುಬ್ಬಿ."

ಟಕ್... ಟಕ್.

"ಉಮೇಶ... ಏ ಉಮೇಶ..." ಎಂದು ಭುಜ ಹಿಡಿದು ಅಲ್ಲಾಡಿಸಿದೆ. ಅವನು ತಿರುಗಲಿಲ್ಲ. ಅದು ಅವನ ದನಿಯೂ ಆಗಿರಲಿಲ್ಲ. ಬೆಳಗಿನ ಚಳಿಯಲ್ಲಿ ಬೀಡಿ ಸೇದಿ ಒಡೆದ ದನಿ. ಹೆಸರಿನ ಮೇಲೆ ಹೆಸರು. ಪ್ರತಿ ಹೆಸರಿಗೆ ಒಂದು ತಟ್ಟು. ದೊಡ್ಡವರದು ಗಟ್ಟಿಯಾಗಿ, ಮಕ್ಕಳದು ಬೆರಳ ತುದಿಯಲ್ಲಿ ಮುಟ್ಟಿದ ಹಾಗೆ. ತಗಡಿನ ತಳದ ತುಂಬ ಕೈಗಳು.

ಆಮೇಲೆ ಅಜ್ಜನ ಹೆಸರು ಬಂತು. ತಟ್ಟು ಬಿತ್ತು.

"ಸಣ್ಣಯ್ಯ."

ನನ್ನ ಅಪ್ಪ. ಹೊಸ ಲೈನಿನಲ್ಲಿ, ಸ್ವಂತ ಹಾಸಿಗೆಯಲ್ಲಿ, ನನ್ನ ಕೈಯಿಂದ ನೀರು ಕುಡಿದು ಹೋದವರು. ಕೆರೆಗೂ ಅವರ ಸಾವಿಗೂ ಸಂಬಂಧವೇ ಇಲ್ಲ.

ತಟ್ಟು ಬಂತು. ನಾನು ಕೂತ ಪಟ್ಟಿಯ ಸರಿಯಾಗಿ ಕೆಳಗೆ. ಮೆಲ್ಲಗೆ. ಸಣ್ಣವನಿದ್ದಾಗ ನನ್ನನ್ನು ಎಬ್ಬಿಸಲು ಬೆನ್ನು ತಟ್ಟುತ್ತಿದ್ದಷ್ಟೇ ಮೆಲ್ಲಗೆ.

ನನಗೆ ಅಳು ಬಂತು. ಹೆದರಿಕೆಯಿಂದಲ್ಲ.

"ಸಣ್ಣಯ್ಯನ ಮಗ ಲೋಕ."

ತಟ್ಟು ಬೀಳಲಿಲ್ಲ. ಎಲ್ಲಿಂದ ಬೀಳಬೇಕು? ಆ ಹೆಸರಿನವನು ದೋಣಿಯ ಮೇಲಿದ್ದ.

ನಾನು ಬಾಯಿ ಮುಚ್ಚಿಕೊಂಡೆ. ನಾನು ಕೂಗುವವನು. ಇಡೀ ಎಸ್ಟೇಟಿನಲ್ಲಿ ನನ್ನನ್ನು ಲೋಕೇಶ ಎನ್ನುವವರಿದ್ದಾರೆ, ರೈಟ್ರೇ ಎನ್ನುವವರಿದ್ದಾರೆ. ಸಣ್ಣಯ್ಯನ ಮಗ ಲೋಕ ಎಂದು ಸಾಲಿನಲ್ಲಿ ನಿಲ್ಲಿಸಿ ಕೂಗಿದವರು ಯಾರೂ ಇಲ್ಲ. ಕೂಗಬಾರದೆಂದೇ ಅಪ್ಪ ಒದ್ದೆ ಕಂಬಳಿ ಹೊದ್ದು ದುಡಿದದ್ದು. ನಾನು ಕೊಟ್ಟಿಗೆಹಾರದ ತನಕ ನಡೆದು, ಬಸ್ಸು ಹಿಡಿದು, ಮೂಡಿಗೆರೆ ಕಾಲೇಜಿನ ಕೊನೆ ಬೆಂಚಿನಲ್ಲಿ ಒದ್ದೆ ಪ್ಯಾಂಟಿನಲ್ಲೇ ಕೂತು ಓದಿದ್ದು.

"ಸಣ್ಣಯ್ಯನ ಮಗ ಲೋಕ."

ದೋಣಿಯ ಮುಂಭಾಗ ನಿಧಾನವಾಗಿ ಬಾಗಿತು. ಅಂಚಿನ ಮೇಲಿಂದ ನೀರು ಒಂದು ತೆಳು ಹಾಳೆಯ ಹಾಗೆ ಒಳಗಿಳಿಯಿತು. ಉಮೇಶನ ತೊಡೆಯ ತನಕ ನೀರು. ಅವನು ಅಲುಗಲಿಲ್ಲ. ಅವನಿಗೆ ಈಜು ಬರುತ್ತದೆ, ನನಗೆ ಬರುವುದಿಲ್ಲ. ಆದರೆ ಈಗ ಮುಳುಗುತ್ತಿದ್ದವನು ಅವನು. ಅವನ ಗಂಬೂಟಿನೊಳಗೆ ನೀರು ಗುಳುಗುಳು ಎಂದು ತುಂಬುವುದು ಕೇಳಿಸುತ್ತಿತ್ತು.

ಮಾತು ಬಾರದ ಅವನ ಮಗಳು ಕಣ್ಣ ಮುಂದೆ ಬಂದಳು.

ಮೂರನೇ ಸಲ ಕೂಗು ಬಂತು. ಈ ಸಲ ಒರಟಾಗಿರಲಿಲ್ಲ. ತಡವಾಯಿತು ಬಾ, ಎನ್ನುವ ಹಾಗಿತ್ತು.

"ಬಂದೆ" ಎಂದೆ.

ಜೀವಮಾನದಲ್ಲಿ ಮೊದಲ ಸಲ. ಆದರೂ ಬಾಯಿಗೆ ಎಷ್ಟು ಸಲೀಸಾಗಿ ಬಂತು ಆ ಮಾತು...

ದೋಣಿ ಒಮ್ಮೆ ಜಗ್ಗಿ ಮುಂದಕ್ಕೆ ನುಗ್ಗಿತು. ಮೋಟಾರು ಅಷ್ಟು ಹೊತ್ತೂ ಓಡುತ್ತಲೇ ಇದ್ದಂತೆ ಕಾಣುತ್ತದೆ, ನನಗೆ ಮರೆತೇಹೋಗಿತ್ತು. ಮಂಜಿನಲ್ಲಿ ಎತ್ತ ಹೋಗುತ್ತಿದ್ದೇವೆ ಎಂದು ಗೊತ್ತಾಗುವ ಮೊದಲೇ ಏರಿಯ ಕಲ್ಲಿಗೆ ಬಡಿದು ಇಬ್ಬರೂ ದಡಕ್ಕೆ ಬಿದ್ದೆವು. ಕಪ್ಪೆಗಳು ಕೂಗುತ್ತಿದ್ದವು. ಬಂಗಲೆಯ ದೀಪ ಎದುರಿಗೇ ಇತ್ತು.

ಉಮೇಶ ಕೆಮ್ಮಿ ಕೆಮ್ಮಿ ನೀರು ಉಗುಳಿದ. ಆಮೇಲೆ ನನ್ನಿಂದ ಎರಡು ಮಾರು ದೂರ ಹೋಗಿ ಕೂತ.

"ಅಷ್ಟೆಲ್ಲ ಹೆಸರು ನಿನಗೆ ಹೇಗೆ ಗೊತ್ತು ಮಾರಾಯ?" ಎಂದ.

"ಯಾರಿಗೆ, ನನಗಾ? ಕೂಗಿದ್ದು ನೀನು."

"ನಾನು ಬಾಯಿ ಬಿಟ್ಟಿದ್ರೆ ನನ್ನ ಮಗಳಾಣೆ. ನೀನು ಹಿಂದೆ ಕೂತ್ಕೊಂಡು ಕೂಗ್ತಾ ಇದ್ದೆ. ಒಂದೊಂದೇ. ನಾನು ಹೆದರಿ ತಿರುಗೇ ನೋಡಲಿಲ್ಲ."

ಇವತ್ತಿಗೂ ಅವನು ಹಾಗೇ ಹೇಳುತ್ತಾನೆ. ನಾನೂ ನಾನು ಕೇಳಿದ್ದನ್ನೇ ಹೇಳುತ್ತೇನೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ ದೋಣಿಯ ಒಳಗೆ ಒಂದು ಹನಿ ನೀರಿರಲಿಲ್ಲ. ರಬ್ಬರ್ ಮ್ಯಾಟ್ ಒಣಗಿ ಬೂದಿಬಣ್ಣವಾಗಿತ್ತು. ಗೆಸ್ಟುಗಳು ಬಂದರು, ಬೇರೆ ಲಂಗರು ಕಟ್ಟಿಕೊಂಡು ಹೋಗಿ ಒಳ್ಳೆಯ ಕಾಟ್ಲಾ ಮೀನು ಹಿಡಿದರು, ಫೋಟೋ ತೆಗೆಸಿಕೊಂಡರು. "ಪರ್ವಾಗಿಲ್ಲ ರೈಟ್ರೇ, ಚೆನ್ನಾಗಿ ಮಾಡಿದೀರಿ" ಎಂದರು ಸಾಹುಕಾರರು. ಅವರ್ಯಾರಿಗೂ ಏನೂ ಆಗಿಲ್ಲ. ಇಂದಿನ ತನಕ ಆಗಿಲ್ಲ.

ಅವತ್ತು ಮಧ್ಯಾಹ್ನ ಅಮ್ಮನನ್ನು ಕೇಳಿದೆ. "ಅಮ್ಮ, ಬೈರಿ ಅಂದ್ರೆ ಯಾರು?"

ಅಮ್ಮ ಅಕ್ಕಿ ಆರಿಸುತ್ತಿದ್ದವರು ಕೈ ನಿಲ್ಲಿಸಿದರು. "ನನ್ನಜ್ಜಿ. ನೀನು ಹುಟ್ಟೋಕೆ ಮೊದಲೇ ಹೋದ್ರು. ಎಂತಕ್ಕೆ ಕೇಳ್ತೀಯ?"

"ಹಳೇ ಲೈನಲ್ಲಿ ಸತ್ತಿದ್ದಾ?"

"ಹಳೇ ಲೈನಲ್ಲಿ ಯಾರೂ ಸಾಯಲಿಲ್ಲ ಮಗ. ಎಲ್ಲರೂ ಎದ್ದು ಮೇಲೆ ಬಂದ್ವಿ." ಅಮ್ಮ ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದರು. "ಆ ಲೈನ್ ಬಿಟ್ಟ ದಿನ ಬೆಳಿಗ್ಗೆ ಅಲ್ಲೇ ಹಾಜರಿ ಆಗಿತ್ತು. ಗಂಟೆ ಹೊಡೆದು ಎಲ್ಲರನ್ನೂ ಸಾಲು ನಿಲ್ಲಿಸಿದ್ರು. ಅಷ್ಟರಲ್ಲಿ ದೊಡ್ಡ ಸಾಹುಕಾರ್ರು ಜೀಪಲ್ಲಿ ಬಂದು, ಗುಡ್ಡ ಹತ್ತಿ, ಹತ್ತಿ ಅಂತ ಅವಸರ ಮಾಡಿದ್ರು. ಹೆಸರು ಕೂಗಲೇ ಇಲ್ಲ. ಹಂಗೇ ಬಂದುಬಿಟ್ವಿ."

ಆ ಅಂಗಳದಲ್ಲಿ ನಾನೂ "ಬಂದೆ" ಅಂದುಬಿಟ್ಟೆ ಎಂದು ಅಮ್ಮನಿಗೆ ಹೇಗೆ ಹೇಳಲಿ?

ಈಗಲೂ ದಿನಾ ಹಾಜರಿ ಕೂಗುತ್ತೇನೆ. ದೋಣಿ ಹತ್ತುವುದಿಲ್ಲ, ಅಷ್ಟೇ. ಉಮೇಶ ಬೇರೆ ಎಸ್ಟೇಟಿಗೆ ಹೋದ. ಹೋಗುವಾಗ, "ನೀನೂ ಬಾ ಮಾರಾಯ, ಬೇರೆ ಕಡೆ ರೈಟರ್ ಬೇಕಂತೆ" ಎಂದ. ಹೊರಟಿದ್ದೆ ಕೂಡ. ಬ್ಯಾಗು ಕಟ್ಟಿ ಗೇಟಿನ ತನಕ ಹೋದೆ. ಗೇಟು ತೆರೆದೇ ಇತ್ತು. ಹಿಂದೆ ಯಾರೂ ಕರೆಯಲಿಲ್ಲ, ಯಾರೂ ಹಿಡಿಯಲಿಲ್ಲ. ಕಾಲು ಮಾತ್ರ ಗೇಟು ದಾಟಲಿಲ್ಲ. ಕೆರೆಯಲ್ಲಿ ದೋಣಿಯ ಹುಟ್ಟಿಗೆ ತಾಗಿತ್ತಲ್ಲ, ಅದೇ ಗಟ್ಟಿ ನೆಲ ಅಂಗಾಲಿಗೆ ತಾಗುತ್ತಿತ್ತು. ವಾಪಸು ಬಂದೆ.

ಲೈನಿನಲ್ಲಿ ಹುಟ್ಟಿದ ಯಾರನ್ನಾದರೂ ಕೇಳಿ. ಹಾಜರಿಗೆ "ಬಂದೆ" ಎಂದವನು ಆ ದಿನದ ಕೆಲಸ ಮುಗಿಸದೆ ಹೋಗುವಂತಿಲ್ಲ.

ಆ ರಾತ್ರಿ ನಾನು "ಬಂದೆ" ಎಂದಿದ್ದೇನೆ. ಕೆಲಸ ಯಾವುದೆಂದು ಇನ್ನೂ ಯಾರೂ ಹೇಳಿಲ್ಲ.